ಹಸಿರು ಟಿಕಳಿಯ ಅಗ್ನಿಶಾಮಕ

ನಾನು ಒಂದು ಅಗ್ನಿಶಾಮಕ. ಇಷ್ಟು ಹೇಳಿದರೆ ಬಹಳ ಜನರಿಗೆ ಗುರುತು ಸಿಗುವುದಿಲ್ಲ. ಗೋಡೆಗೆ ಒಂದು ಕೆಂಪು ಡಬ್ಬಿ ನೇತುಬಿದ್ದಿರುತ್ತದಲ್ಲ, ಅದಕ್ಕೊಂದು ಕಪ್ಪು ಸೊಂಡಿಲು, ಅದರ ಮೇಲೆ ಧೂಳು, ಧೂಳಿನ ಮೇಲೆ ಯಾರೋ ಮರೆತುಹೋದ ಕೊಡೆ. ಅದೇ ನಾನು. ನನ್ನ ಚರಿತ್ರೆಯನ್ನು ಹೇಳೆಂದು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ. ಪ್ರಾಯವೆಲ್ಲ ಬಾಯಿಗೆ ಪಿನ್ನು ಸಿಕ್ಕಿಸಿಕೊಂಡು ಕಳೆದವನಿಗೆ ಮುಪ್ಪಿನಲ್ಲಾದರೂ ಮಾತಾಡುವ ಹಕ್ಕಿದೆ.

ನಾನು ಹುಟ್ಟಿದ್ದು ತಗಡಿನ ಮಾಡಿನ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಹಾಳೆಯನ್ನು ಸುತ್ತಿ, ಬೆಸುಗೆ ಹಾಕಿ, ಬುಡ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಹೊಟ್ಟೆಗೆ ಬಿಳಿ ಪುಡಿ ಹಾಕಿ, ಮೇಲೆ ಗಾಳಿಯನ್ನು ಒತ್ತಿ ತುಂಬಿದರು. ಹಣೆಗೆ ಒಂದು ಗುಂಡು ಗಾಜು ಕೂರಿಸಿದರು. ಅದರೊಳಗೆ ಒಂದು ಸೂಜಿ. ಸೂಜಿ ಹಸಿರಿನ ಮೇಲೆ ನಿಂತಿದ್ದರೆ ನಾನು ಗಟ್ಟಿಮುಟ್ಟು. ಕೆಂಪಿನ ಮೇಲೆ ಬಿದ್ದರೆ ನಾನು ದಂಡಪಿಂಡ. ನಮ್ಮ ಕುಲದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಹೊಟ್ಟೆಯಲ್ಲಿರುವುದು ಹಣೆಯ ಮೇಲೆ ಕಾಣಿಸಿಬಿಡುತ್ತದೆ.

ಕೊನೆಗೆ ತಲೆಯ ಮೇಲಿನ ಹಿಡಿಕೆಗೆ ಒಂದು ಪಿನ್ನು ಸಿಕ್ಕಿಸಿದರು. ಪಿನ್ನಿನ ತುದಿಗೆ ಒಂದು ಉಂಗುರ. ಬೆಂಕಿ ಬಿದ್ದಾಗ ಆ ಉಂಗುರ ಹಿಡಿದು ಪಿನ್ನನ್ನು ಎಳೆದು, ಹಿಡಿಕೆ ಒತ್ತಬೇಕು. ನಮ್ಮ ಕೆಲಸ ಇಷ್ಟೇ. ಇಷ್ಟಕ್ಕಾಗಿ ವರ್ಷಾನುಗಟ್ಟಲೆ ಕಾಯಬೇಕು. ಒಂದು ಸಲವಾದರೂ ನಿಜವಾದ ಬೆಂಕಿಯ ಎದುರು ನಿಂತು ನಾಲ್ಕು ಜನರ ಜೀವ ಉಳಿಸಬೇಕೆಂಬುದು ನಮ್ಮ ಕುಲದವರೆಲ್ಲರ ಆಸೆ. ನನಗಂತೂ ಅದು ಹುಚ್ಚೇ ಆಗಿತ್ತು.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಒಬ್ಬ ಸೀರೆ ಅಂಗಡಿಯವರು. ಒಳ್ಳೆಯ ಜನ. ನನ್ನನ್ನು ದಿನಾ ಒರೆಸುತ್ತಿದ್ದರು. ಆದರೆ ಅಂಗಡಿಯ ವಾರ್ಷಿಕೋತ್ಸವದ ದಿನ ಮಾಲಕರ ಬೀಗರಿಗೆ ಕುತೂಹಲ ಹುಟ್ಟಿತು. “ಇದು ಹೆಂಗ ಕೆಲಸ ಮಾಡ್ತೈತಿ, ಒಂದೀಟು ತೋರಸ್ರೆಲ್ಲಾ” ಎಂದರು. ಬೀಗರ ಮಾತು ಮೀರಲಾದೀತೇ? ಮಾಲಕರು ಪಿನ್ನು ಎಳೆದು ಒಂದು ಸಲ ಒತ್ತಿಯೇಬಿಟ್ಟರು. ಎದುರಿಗೆ ಹರವಿಟ್ಟಿದ್ದ ಇಳಕಲ್ ಸೀರೆಗಳೆಲ್ಲ ಬೆಳ್ಳಗಾದವು. ಬೀಗರು ಚಪ್ಪಾಳೆ ತಟ್ಟಿದರು, ಮಾಲಕರು ಪಿನ್ನನ್ನು ಮತ್ತೆ ಸಿಕ್ಕಿಸಿದರು. ಮಾರನೆಯ ದಿನ ಆ ಸೀರೆಗಳನ್ನು ಕೊಡವಿ, ಮಂಜಿನ ಬಣ್ಣದ ಹೊಸ ಮಾದರಿ ಎಂದು ಮುಂದಿಟ್ಟರು. ಎಲ್ಲವೂ ಖರ್ಚಾದವು.

ನಾನು ಮಾತ್ರ ಕೆಟ್ಟೆ. ನಮ್ಮನ್ನು ಒಮ್ಮೆ ಒತ್ತಿದರೆ ಮತ್ತೆ ತುಂಬಿಸಲೇಬೇಕು. ಯಾರೂ ತುಂಬಿಸಲಿಲ್ಲ. ಉಳಿದ ಗಾಳಿ ದಿನಾ ಚೂರುಚೂರೇ ಸೋರಿಹೋಯಿತು. ಸೂಜಿ ಹಸಿರು ಬಿಟ್ಟು ಜಾರುತ್ತ ಜಾರುತ್ತ ಕೆಂಪಿನ ತಳಕ್ಕೆ ಬಂತು. ಹೊಟ್ಟೆಯಲ್ಲಿ ಉಳಿದ ಪುಡಿ ತೇವ ಹಿಡಿದು ಗಟ್ಟಿ ಗಡ್ಡೆಯಾಯಿತು. ಅಂಗಡಿ ಮುಚ್ಚಿದಾಗ ನಾನು ತೂಕದ ಲೆಕ್ಕದಲ್ಲಿ ಗುಜರಿ ಸೇರಿದೆ. ಅಲ್ಲಿ ನನ್ನ ಒಂದು ಪಕ್ಕಕ್ಕೆ ಮುರಿದ ತೂಗುಮಂಚ, ಇನ್ನೊಂದು ಪಕ್ಕಕ್ಕೆ ರೆಕ್ಕೆಯಿಲ್ಲದ ಫ್ಯಾನು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಬಂದರು ವೀರಭದ್ರಪ್ಪ ಉಳ್ಳಾಗಡ್ಡಿಯವರು. ನಾನು ನೆಲದ ಮೇಲಿದ್ದದ್ದರಿಂದ ಅವರನ್ನು ಕೆಳಗಿನಿಂದ ನೋಡುತ್ತ ಹೋದೆ. ಮೊದಲು ತಂತಿಯಿಂದ ಹೊಲಿದ ಚಪ್ಪಲಿ, ಆಮೇಲೆ ಶುಭ್ರ ಧೋತರ, ಸೊಂಟದಲ್ಲಿ ಬೀಗದಕೈಗಳ ಒಂದು ದೊಡ್ಡ ಗೊಂಚಲು, ಎಲ್ಲಕ್ಕೂ ಮೇಲೆ ಎಣ್ಣೆ ಹಚ್ಚಿ ತೀಡಿದ ಮೀಸೆ. ಹುಬ್ಬಳ್ಳಿಗೆ ಹತ್ತಿರದ ಒಂದು ಊರಿನಲ್ಲಿ ಅವರಿಗೆ ಬಾಡಿಗೆಯ ಮೂರು ಕಟ್ಟಡಗಳಿದ್ದವು. ಬಾಡಿಗೆಗೆ ಕೊಟ್ಟ ಕಟ್ಟಡಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

“ಇದರಾಗ ಏನರೆ ಐತೇನು?” ಎಂದು ಉಳ್ಳಾಗಡ್ಡಿಯವರು ನನ್ನನ್ನು ಕಾಲಿನಿಂದ ಒತ್ತಿ ಕೇಳಿದರು.

“ಪುಡಿ ಐತ್ರಿ, ಗಾಳಿ ಇಲ್ಲ. ತುಂಬಸಬೇಕಾಕ್ಕೈತಿ” ಎಂದ ಗುಜರಿಯವ.

“ತುಂಬಸೂದು ಎದಕ್ಕ? ನನಗ ತೋರಸಾಕ ಬೇಕಾಗೈತಿ.”

ಮನೆಗೆ ಒಯ್ದು ಕನ್ನಡಿಯ ಮುಂದೆ ನಿಲ್ಲಿಸಿದರು. ಹಣೆಯ ಗಾಜಿನೊಳಗೆ ಸೂಜಿ ಕೆಂಪಿನಲ್ಲಿ ಬಿದ್ದಿರುವುದು ಅವರಿಗೂ ಕಂಡಿತು. ಒಂದು ಕ್ಷಣ ಯೋಚಿಸಿ, ಕನ್ನಡಿಯ ಅಂಚಿಗೆ ಹೆಂಡತಿ ಹಣೆಯಿಂದ ತೆಗೆದು ಅಂಟಿಸಿಟ್ಟಿದ್ದ ದೊಡ್ಡದೊಂದು ಹಸಿರು ಟಿಕಳಿ ಕಿತ್ತು ನನ್ನ ಹಣೆಯ ಗಾಜಿಗೆ ಒತ್ತಿದರು. ಈಗ ದೂರದಿಂದ ನೋಡಿದವರಿಗೆ ನಾನು ಪೂರ್ತಿ ಹಸಿರು. ಸುಳ್ಳು ಬಾರದ ಕುಲದಲ್ಲಿ ಹುಟ್ಟಿ ನಾನು ಮುತ್ತೈದೆಯ ಟಿಕಳಿ ಇಟ್ಟುಕೊಂಡು ಸುಳ್ಳು ಹೇಳುವಂತಾಯಿತು. ನಾಚಿಕೆಯಿಂದ ಕೆಂಪಾದೆ. ಮೈ ಮೊದಲೇ ಕೆಂಪಾಗಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ, ಅಷ್ಟೇ.

ಉಳ್ಳಾಗಡ್ಡಿಯವರ ಮೂರು ಕಟ್ಟಡಗಳಲ್ಲಿ ಒಂದರಲ್ಲಿ ಹೊಲಿಗೆ ಕ್ಲಾಸು, ಇನ್ನೊಂದರಲ್ಲಿ ಕಾಲೇಜು ಹುಡುಗರ ರೂಮುಗಳು, ಮೂರನೆಯದರಲ್ಲಿ ಫಕೀರವ್ವನ ಖಾನಾವಳಿ. ನನಗೆ ಕಾಯಂ ಜಾಗ ಸಿಕ್ಕಿದ್ದು ಖಾನಾವಳಿಯ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ.

ಫಕೀರವ್ವ ಐವತ್ತು ದಾಟಿದ, ಅಗಲ ಭುಜದ ಹೆಂಗಸು. ಒಬ್ಬಳೇ ನಿಂತು ಆ ಖಾನಾವಳಿ ಕಟ್ಟಿದ್ದಳು. ಜೋಳದ ರೊಟ್ಟಿ ಬಡಿದು ಬಡಿದು ಅವಳ ಕೈಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಅವಳ ಎಣ್ಣೆಗಾಯಿ ಪಲ್ಯಕ್ಕಾಗಿ ಕೋರ್ಟಿನವರು, ಬ್ಯಾಂಕಿನವರು, ಬಸ್ ಸ್ಟ್ಯಾಂಡಿನವರು ಸಾಲು ಹಚ್ಚುತ್ತಿದ್ದರು. ನನ್ನನ್ನು ಗೋಡೆಗೆ ತೂಗುಹಾಕಿದ ದಿನ ಸೆರಗಿನಿಂದ ಮೈ ಒರೆಸಿ, “ನಮ್ಮ ಕೆಂಪಣ್ಣ ಬಂದಾನ. ಇನ್ನ ಧೈರ್ಯ ಬಂತು ನೋಡ್ರಿ” ಎಂದಳು. ಅವಳ ಧೈರ್ಯವೆಲ್ಲ ಒಂದು ಟಿಕಳಿಯ ಮೇಲೆ ನಿಂತಿತ್ತು, ಮತ್ತು ಅದನ್ನು ಹೇಳಲು ನನಗೆ ಬಾಯಿರಲಿಲ್ಲ.

ಅವಳ ಅಂಜಿಕೆಗೆ ಕಾರಣವಿತ್ತು. ಆ ಕಟ್ಟಡ ರೈಲು ಡಬ್ಬಿಯ ಹಾಗೆ ಉದ್ದ. ಬೀದಿಗೆ ಮುಂದಿನ ಬಾಗಿಲು, ನಡುವೆ ಊಟದ ಬೆಂಚುಗಳು, ಹಿಂದೆ ಅಡುಗೆಮನೆ. ಅಡುಗೆಮನೆಯಿಂದ ಹಿಂದಿನ ಸಂದಿಗೆ ಒಂದು ಬಾಗಿಲಿತ್ತು. ಅದಕ್ಕೆ ಉಳ್ಳಾಗಡ್ಡಿಯವರು ಒಳಗಿನಿಂದಲೇ ದಪ್ಪ ಬೀಗ ಜಡಿದು ಬೀಗದಕೈಯನ್ನು ತಮ್ಮ ಗೊಂಚಲಿಗೆ ಸೇರಿಸಿಕೊಂಡಿದ್ದರು. ಫಕೀರವ್ವನಿಗಿಂತ ಮೊದಲು ಅಲ್ಲಿದ್ದ ಬಾಡಿಗೆದಾರನೊಬ್ಬ ಬಾಡಿಗೆ ಕೊಡದೆ ಆ ಬಾಗಿಲಿನಿಂದ ಸಾಮಾನು ಸಾಗಿಸಿ ಪರಾರಿಯಾಗಿದ್ದನಂತೆ. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ನಮ್ಮ ಮಾಲಕರೇ ಮಾದರಿ. ಅಂದಿನಿಂದ ಮೂರೂ ಕಟ್ಟಡಗಳ ಹಿಂಬಾಗಿಲುಗಳಿಗೆ ಬೀಗ ಬಿತ್ತು.

ಮುಂದಿನ ಬಾಗಿಲ ಪಕ್ಕದಲ್ಲಿ ಸ್ವಿಚ್ ಬೋರ್ಡು. ಖಾರ ರುಬ್ಬುವ ಮಿಕ್ಸರ್ ಹಚ್ಚಿದಾಗಲೆಲ್ಲ ಅದು ಚಟಪಟ ಎನ್ನುತ್ತಿತ್ತು. ಫ್ಯೂಜು ಪದೇಪದೇ ಹೋಗುತ್ತದೆ ಎಂದು ಫಕೀರವ್ವ ದೂರಿದಾಗ ಉಳ್ಳಾಗಡ್ಡಿಯವರು ತಾವೇ ಬಂದು, ಫ್ಯೂಜಿನ ಕೂದಲೆಳೆಯ ತಂತಿ ಕಿತ್ತು ಬಟ್ಟೆ ಒಣಗಿಸುವ ತಂತಿಯ ತುಂಡನ್ನು ಸುತ್ತಿ ಕೂರಿಸಿದರು. “ಇನ್ನ ನಿಮ್ಮಪ್ಪನಾಣಿ ಹೋಗಂಗಿಲ್ಲ” ಎಂದರು. ನಿಜ, ಆಮೇಲೆ ಫ್ಯೂಜು ಹೋಗಲಿಲ್ಲ. ಅದರ ಬದಲು ಗೋಡೆಯೊಳಗಿನ ವೈರು ಬಿಸಿಯಾಗತೊಡಗಿತು.

“ಮಾಲಕರ, ಆ ಹಿಂದಿನ ಬಾಗಲಾ ಒಂದು ತಗದಬಿಡ್ರಿ” ಎಂದು ಫಕೀರವ್ವ ಪ್ರತಿ ತಿಂಗಳೂ ಕೇಳುತ್ತಿದ್ದಳು. “ಮುಂದ ಏನರೆ ಆದ್ರ ನಾವು ಒಳಗ ಇದ್ದವರು ಎಲ್ಲಿಂದ ಹೋಗೂದು?”

“ಬಾಡಿಗಿದಾರಗ ಒಂದು ಬಾಗಲಾ ಸಾಕು” ಎನ್ನುತ್ತಿದ್ದರು ಉಳ್ಳಾಗಡ್ಡಿಯವರು. “ಬರೂದೂ ಅದರಾಗ, ಹೋಗೂದೂ ಅದರಾಗ. ಎರಡು ಬಾಗಲಾ ಇದ್ರ ಮನಸ್ಸು ಎರಡಾಕ್ಕೈತಿ.”

“ಬೀಗಾ ನಾನ ಮುರಸ್ಲೇನ್ರಿ ಹಂಗಾರ?”

“ಮುರಸು. ಮರುದಿನ ಖಾಲಿ ಮಾಡು. ಕರಾರಿನ್ಯಾಗ ಬರದೈತಿ, ಮಾಲಕರ ಬೀಗಾ ಮುಟ್ಟಿದ್ರ ಜಾಗಾ ಬಿಡಬೇಕಂತ.”

ಬೇರೆಡೆ ಹೋಗಿ ಮತ್ತೆ ಒಲೆ ಹೂಡಿ ಗಿರಾಕಿ ಕಟ್ಟುವ ವಯಸ್ಸು ಅವಳದ್ದಲ್ಲ. ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಯೂ ಅದೇ ಒಲೆಯ ಮೇಲಿತ್ತು. ಬೀಗ ಮುರಿದರೆ ಖಾನಾವಳಿ ಹೋಗುತ್ತದೆ, ಮುರಿಯದಿದ್ದರೆ ಒಂದು ದಿನ ಜೀವವೇ ಹೋದೀತು. ಈ ಎರಡರ ನಡುವೆ ಅವಳು ದಿನಾ ರೊಟ್ಟಿ ಬಡಿಯುತ್ತಿದ್ದಳು.

ಅವಳಿಗೆ ಕಾನೂನಿನ ಆಸರೆ ಇರಲಿಲ್ಲ ಎಂದಲ್ಲ. ಕಟಗೇರಿ ವಕೀಲರು ದಿನಾ ಮಧ್ಯಾಹ್ನ ಅಲ್ಲಿಯೇ ಊಟ ಮಾಡುತ್ತಿದ್ದರು. ಬಾಯಲ್ಲಿ ರೊಟ್ಟಿ ಇದ್ದಾಗ ಅವರಿಗೆ ಕಾಯ್ದೆ ಚೆನ್ನಾಗಿ ನೆನಪಾಗುತ್ತಿತ್ತು.

“ಫಕೀರವ್ವ, ಬಾಡಿಗಿ ತಗೊಳ್ಳಾಂವ ಬರೇ ನಾಲ್ಕು ಗ್ವಾಡಿ ಕೊಟ್ರ ಮುಗೀಲಿಲ್ಲ. ವೈರಿಂಗ್ ನೆಟ್ಟಗ ಇಡಬೇಕು. ಹೊರಗ ಹೋಗೂ ಹಾದಿ ಖುಲ್ಲಾ ಇಡಬೇಕು. ಅದು ಅವನ ದೊಡ್ಡಸ್ತಿಕಿ ಅಲ್ಲ, ಜವಾಬ್ದಾರಿ. ಕಾಯ್ದೆ ಐತಿ.”

“ಹಂಗಾರ ಒಂದು ನೋಟಿಸ್ ಬರದು ಕೊಡ್ರೆಲ್ಲಾ.”

“ಕೊಡೂಣು, ಕೊಡೂಣು. ಇನ್ನೊಂದು ರೊಟ್ಟಿ ಹಾಕು.”

ಹೀಗೆ ಎಷ್ಟೋ ರೊಟ್ಟಿಗಳು ಕರಗಿದವು, ನೋಟಿಸು ಮಾತ್ರ ಬರಲಿಲ್ಲ. ವಕೀಲರು ಕೆಟ್ಟವರಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎರಡೂ ಕಡೆ ಬೆಳಕು ಬೀಳಲಿ ಎನ್ನುವ ಸ್ವಭಾವ. ಉಳ್ಳಾಗಡ್ಡಿಯವರೂ ಅವರ ಕಕ್ಷಿದಾರರೇ ಆಗಿದ್ದರು.

ಇನ್ನು ತಪಾಸಣೆಯ ದಿನದ ಕಥೆ ಹೇಳಬೇಕು. ಅಂದು ಸಾಹೇಬರು ಮೂರೂ ಕಟ್ಟಡಗಳನ್ನು ನೋಡಲು ಬಂದರು. ಮೂರು ಕಟ್ಟಡಗಳಿಗೆ ಇದ್ದವನು ನಾನೊಬ್ಬನೇ. ಉಳ್ಳಾಗಡ್ಡಿಯವರು ಮೊದಲು ಹೊಲಿಗೆ ಕ್ಲಾಸಿನಲ್ಲಿ ನನ್ನನ್ನು ತೋರಿಸಿ, ಸಾಹೇಬರನ್ನು ಚಹಾಕ್ಕೆ ಕೂರಿಸಿ, ನನ್ನನ್ನು ಕೌದಿಯಲ್ಲಿ ಸುತ್ತಿ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹುಡುಗರ ರೂಮಿಗೆ ಓಡಿದರು. ಕೌದಿಯೊಳಗಿಂದ ನನ್ನ ತಲೆ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಅವರ ಟವೆಲು ಮುಚ್ಚಿತ್ತು. ದಾರಿಯಲ್ಲಿ ಪರಿಚಯದ ಮುದುಕಿಯೊಬ್ಬಳು ಸ್ಕೂಟರು ತಡೆದಳು.

“ಮೊಮ್ಮಗೇನ್ರಿ ಉಳ್ಳಾಗಡ್ಡಿಯವರ?”

“ಹೌದಬೇ. ದವಾಖಾನಿಗೆ ಹೊಂಟೇನಿ.”

ಮುದುಕಿ ಟವೆಲಿನ ಮೇಲಿನಿಂದಲೇ ನನ್ನ ತಲೆ ನೇವರಿಸಿ, “ಮೈ ಭಾಳ ತಣ್ಣಗೈತಿ, ಲಗೂನ ಒಯ್ರಿ” ಎಂದು ಗಾಬರಿಯಾದಳು.

ಕೊನೆಗೆ ಖಾನಾವಳಿ. ಅಲ್ಲಿಗೆ ಸಾಹೇಬರು ಬರುವ ಹೊತ್ತಿಗೆ ನಾನು ನನ್ನ ಮೊಳೆಗೆ ನೇತುಬಿದ್ದು ಏದುಸಿರು ಬಿಡುತ್ತಿದ್ದೆ. ಸಾಹೇಬರು ನನ್ನನ್ನೇ ನೋಡಿದರು. ಗುಜರಿಯಲ್ಲಿ ಬಿದ್ದಾಗ ನನ್ನ ಹೊಟ್ಟೆಯ ಮೇಲೆ ಒಂದು ತಗ್ಗು ಬಿದ್ದಿತ್ತು.

“ಉಳ್ಳಾಗಡ್ಡಿಯವರ, ಮೂರಕ್ಕೂ ಒಂದ ಕಡೆ ತಗ್ಗು ಬಿದ್ದಾವಲ್ರಿ?”

“ಒಂದ ಮನಿತನದಾವು ಸಾಹೇಬರ. ಅವಳಿ ಜವಳಿ.”

“ಟಿಕಳಿನೂ ಹಚ್ಚೀರಿ.”

“ಮಂಗಳ ಆಗ್ಲಿ ಅಂತ.”

ಸಾಹೇಬರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. “ಮುಂದಿನ ಸಲ ಬಂದಾಗ ಮೂರು ಕಡೆ ಮೂರು ಇರಬೇಕು, ಎಲ್ಲಾ ಬಾಗಲಾ ತಗದಿರಬೇಕು” ಎಂದು ಅಡುಗೆಮನೆಗೆ ನಡೆದರು. ಹಿಂಬಾಗಿಲಿನ ಮೇಲೆ ಅಂದು ಮುಂಜಾನೆಯೇ ಉಳ್ಳಾಗಡ್ಡಿಯವರು ದೊಡ್ಡದೊಂದು ದೇವರ ಫೋಟೋ ತೂಗುಹಾಕಿ, ಬೀಗದ ಮೇಲೆ ಬರುವಂತೆ ಚೆಂಡುಹೂವಿನ ಮಾಲೆ ಇಳಿಬಿಟ್ಟು, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ಅದನ್ನು ಕಂಡು ಸಾಹೇಬರು ಬೂಟು ಕಳಚಿ ಕೈಮುಗಿದರು. ದೇವರ ಹಿಂದೆ ಬಾಗಿಲಿರುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಫಕೀರವ್ವ ಬಾಯಿ ತೆರೆದಳು. “ಸಾಹೇಬರ, ಆ ಫೋಟೋದ ಹಿಂದ...”

“ಫಕೀರವ್ವ,” ಎಂದರು ಉಳ್ಳಾಗಡ್ಡಿಯವರು ಬಲು ಮೆತ್ತಗೆ, “ನಿಂದು ಕರಾರು ಈ ತಿಂಗಳ ಮುಗೀತೈತೆಲ್ಲ?”

ಅವಳು ಬಾಯಿ ಮುಚ್ಚಿದಳು. ಸಾಹೇಬರು ಹೋದ ಮೇಲೆ ಉಳ್ಳಾಗಡ್ಡಿಯವರು ಫೋಟೋ ಕಳಚಿ ಒಯ್ದರು, ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಆಮೇಲೆ ನನ್ನತ್ತ ತಿರುಗಿ, “ನೀನ ಗತಿ ಕೆಂಪಣ್ಣ” ಎಂದಳು. ಅಂದಿನಷ್ಟು ಸಂಕಟ ನನಗೆ ಗುಜರಿಯಲ್ಲೂ ಆಗಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಗ್ರಹಚಾರವಿತ್ತು. ಪ್ರತಿ ವರ್ಷ ಮಹಾನವಮಿಯಲ್ಲಿ ಉಳ್ಳಾಗಡ್ಡಿಯವರು ಆಯುಧ ಪೂಜೆಗೆ ಖಾನಾವಳಿಗೆ ಬರುತ್ತಿದ್ದರು. ತಮ್ಮ ಸ್ಕೂಟರು, ಬೀಗದ ಗೊಂಚಲು, ಫಕೀರವ್ವನ ಮಿಕ್ಸರ್, ಈಳಿಗೆಮಣೆ, ಜೊತೆಗೆ ನಾನು. ನಮಗೆಲ್ಲ ವಿಭೂತಿ, ಕುಂಕುಮ, ಹೂವು. ಸ್ಕೂಟರಿಗೆ ನಿಂಬೆಹಣ್ಣು ಕಟ್ಟುತ್ತಿದ್ದರು, ನನಗೆ ಅರಿಷಿಣದ ದಾರ. ಆ ದಾರವನ್ನು ಎಲ್ಲಿ ಕಟ್ಟುವುದು? ನನ್ನ ಮೈಯೆಲ್ಲ ನುಣುಪು. ಕಟ್ಟುವುದಕ್ಕೆಂದೇ ಮಾಡಿಟ್ಟಂತೆ ಕಂಡದ್ದು ಪಿನ್ನಿನ ಉಂಗುರ. ಅದರೊಳಗೆ ದಾರ ತೂರಿಸಿ, ಹಿಡಿಕೆಗೆ ಬಿಗಿದು, ಗಂಟಿನ ಮೇಲೆ ಗಂಟು ಹಾಕುತ್ತಿದ್ದರು. ಪೂಜೆಯ ದಾರ ಬಿಚ್ಚಬಾರದಂತೆ. ಹೀಗೆ ವರ್ಷಕ್ಕೊಂದರಂತೆ ದಾರ ಏರಿ ಏರಿ, ಎಣ್ಣೆ ಕುಂಕುಮ ಕುಡಿದು ಗಟ್ಟಿಯಾಗಿ, ನನ್ನ ಪಿನ್ನು ಕಿತ್ತು ಬರುವ ಸಾಧ್ಯತೆಯೇ ಮುಗಿದಿತ್ತು. ಗಾಳಿಯಿಲ್ಲದ ಹೊಟ್ಟೆ, ಬಿಚ್ಚಲಾಗದ ಬಾಯಿ, ಹಣೆಗೆ ಟಿಕಳಿ. ನನ್ನನ್ನು ನೋಡಿ ಜನ ಧೈರ್ಯವಾಗಿ ಉಣ್ಣುತ್ತಿದ್ದರು.

ಹೀಗೇ ಒಂದು ವರ್ಷದ ದಸರೆಯ ದಶಮಿ. ಊರೆಲ್ಲ ಬನ್ನಿ ಕೊಡುವ ಸಂಜೆ. ಖಾನಾವಳಿ ತುಂಬಿತ್ತು. ಬೀದಿಯ ಅಂಗಡಿಗಳೆಲ್ಲ ದೀಪದ ಸರ ಹಾಕಿವೆ, ನಮ್ಮದೇನು ಕಡಿಮೆ ಎಂದು ಉಳ್ಳಾಗಡ್ಡಿಯವರು ತಾವೇ ತಂದ ದೀಪದ ಸರಗಳನ್ನು ಮುಂಬಾಗಿಲಿಗೆ ಇಳಿಬಿಟ್ಟು, ಎಲ್ಲವನ್ನೂ ಅದೇ ಬೋರ್ಡಿಗೆ ಸಿಕ್ಕಿಸಿದ್ದರು. ನಾನು ಹಿಂದಿನ ದಿನದ ಪೂಜೆಯ ಮಣೆಯ ಮೇಲೆಯೇ, ಅಡುಗೆಮನೆಯ ಬಾಗಿಲಲ್ಲಿ, ಹೊಸ ದಾರ ಕಟ್ಟಿಸಿಕೊಂಡು ನಿಂತಿದ್ದೆ. ಉಳ್ಳಾಗಡ್ಡಿಯವರು ಎಲ್ಲರಿಗೂ ಬನ್ನಿ ಎಲೆ ಕೊಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣು” ಎಂದು ಹೇಳುತ್ತ ಒಳಗಿನ ಬೆಂಚಿಗೆ ಬಂದು ಹೋಳಿಗೆಗೆ ಕೂತರು. ಎದುರಿಗೆ ಕಟಗೇರಿ ವಕೀಲರು.

ಒಳಗೆ ಮಿಕ್ಸರ್ ಹಚ್ಚಿದರು. ಬೋರ್ಡು ಎಂದಿನಂತೆ ಚಟಪಟ ಎಂದಿತು. ಆಮೇಲೆ ಎಂದಿನಂತೆ ಸುಮ್ಮನಾಗಲಿಲ್ಲ. ಒಳ್ಳೆಯ ಫ್ಯೂಜು ಇದ್ದಿದ್ದರೆ ಅಲ್ಲಿಗೇ ತಾನು ಸತ್ತು ಮನೆಯವರನ್ನು ಉಳಿಸುತ್ತಿತ್ತು. ಬಟ್ಟೆ ಒಣಗಿಸುವ ತಂತಿಗೆ ಸಾಯುವ ಅಭ್ಯಾಸವಿಲ್ಲ. ಬೋರ್ಡಿನಿಂದ ಬೆಂಕಿ ಎದ್ದು ದೀಪದ ಸರ ಹಿಡಿಯಿತು, ಸರದಿಂದ ಬಾಗಿಲಿನ ಪರದೆ, ಪರದೆಯಿಂದ ಪಕ್ಕದಲ್ಲಿ ಒಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಬಾಗಿಲಿನ ಹತ್ತಿರ ಇದ್ದವರು ಬೀದಿಗೆ ಜಿಗಿದರು. ಒಳಗೆ ಉಳಿದವರು ಅಡುಗೆಯ ಹೆಣ್ಣುಮಕ್ಕಳು, ಉಣ್ಣುತ್ತಿದ್ದ ಕೆಲವರು, ವಕೀಲರು, ಉಳ್ಳಾಗಡ್ಡಿಯವರು, ಫಕೀರವ್ವ ಮತ್ತು ನಾನು. ಮುಂದಿನ ಬಾಗಿಲು ಕಾಣದಾಯಿತು. ಕಪ್ಪು ಹೊಗೆ ಮಾಡಿನ ಕೆಳಗೆ ಹರಿಯುತ್ತ ನಮ್ಮ ಕಡೆ ಬಂತು.

“ಕೆಂಪಣ್ಣನ್ನ ತಗೋರಿ” ಎಂದು ಫಕೀರವ್ವ ಕೂಗಿದಳು. ಅವಳು ಗ್ಯಾಸಿನ ಕಡೆ ಓಡಿ ಸಿಲಿಂಡರ್ ಬಂದ್ ಮಾಡತೊಡಗಿದಳು.

ಎಲ್ಲರಿಗಿಂತ ಮೊದಲು ನನ್ನನ್ನು ಎತ್ತಿಕೊಂಡವರು ಉಳ್ಳಾಗಡ್ಡಿಯವರು. ಜೀವ ಬಾಯಿಗೆ ಬಂದಾಗ ಮನುಷ್ಯ ತಾನು ಹೇಳಿದ ಸುಳ್ಳನ್ನೇ ನಂಬುತ್ತಾನೆ. ಉಂಗುರಕ್ಕೆ ಬೆರಳು ಹಾಕಿ ಎಳೆದರು. ದಾರ ಬಿಡಲಿಲ್ಲ. ಗಂಟು ಹುಡುಕಿದರು, ಯಾವ ವರ್ಷದ ಗಂಟು ಯಾವುದೆಂದು ತಿಳಿಯಲಿಲ್ಲ. ವಕೀಲರು ನನ್ನನ್ನು ಕಸಿದುಕೊಂಡು ಹಲ್ಲಿನಿಂದ ದಾರ ಕಡಿದರು. ಬಾಯಿ ತುಂಬ ಕುಂಕುಮವಾಯಿತು. ಅಂತೂ ಪಿನ್ನು ಕಿತ್ತು ಬಂತು. ಉಳ್ಳಾಗಡ್ಡಿಯವರು ನನ್ನ ಸೊಂಡಿಲನ್ನು ಬೆಂಕಿಯ ಕಡೆ ಹಿಡಿದು, ಕಣ್ಣು ಮುಚ್ಚಿ, ಹಿಡಿಕೆ ಒತ್ತಿದರು.

ನಾನು ಹುಟ್ಟಿದಾಗಿನಿಂದ ಕಾದಿದ್ದ ಗಳಿಗೆ ಅದು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿದೆ. ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಬಂತು. ಒಂದು ಚಿಟಿಕೆ ಬಿಳಿ ಪುಡಿ ಹೊರಬಿದ್ದು ಉಳ್ಳಾಗಡ್ಡಿಯವರ ಮೀಸೆಯ ಮೇಲೆ ಕೂತಿತು.

ಅವರು ನನ್ನ ಹಣೆಯ ಹಸಿರು ಟಿಕಳಿ ನೋಡಿದರು. ನಾನು ಅವರನ್ನು ನೋಡಿದೆ.

“ಹಿಂದಿನ ಬಾಗಲಾ, ಮಾಲಕರ. ಕೀಲಿಕೈ ತಗೀರಿ” ಎಂದಳು ಫಕೀರವ್ವ. ಎಲ್ಲರೂ ಅಡುಗೆಮನೆಗೆ ಹಿಂದೆ ಸರಿದಿದ್ದರು. ಕೆಮ್ಮು ಶುರುವಾಗಿತ್ತು. ಉಳ್ಳಾಗಡ್ಡಿಯವರು ನನ್ನನ್ನು ಕೆಳಗಿಟ್ಟು ಸೊಂಟದ ಗೊಂಚಲು ಬಿಚ್ಚಿದರು. ಅಷ್ಟೂ ಬೀಗಗಳನ್ನು ಅವರು ಒಂದೇ ಅಂಗಡಿಯಲ್ಲಿ ಒಟ್ಟಿಗೆ ಚೌಕಾಸಿ ಮಾಡಿ ತಂದವರು. ಅಷ್ಟೂ ಬೀಗದಕೈಗಳು ಒಂದೇ ತೆರ. ಒಂದು ಹಾಕಿದರು, ತಿರುಗಲಿಲ್ಲ. ಇನ್ನೊಂದು ಹಾಕಿದರು, ಒಳಗೇ ಹೋಗಲಿಲ್ಲ. ಮೂರನೆಯದನ್ನು ಹುಡುಕುವಾಗ ಇಡೀ ಗೊಂಚಲು ಜಾರಿ ಕೆಳಗೆ ಬಿದ್ದು ರೊಟ್ಟಿಯ ಬುಟ್ಟಿಯ ಅಡಿಗೆ ಹೋಯಿತು. ಹೊಗೆಯಲ್ಲಿ ನೆಲ ಕಾಣುತ್ತಿರಲಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಲ್ಲಿ ಚಿಕ್ಕವಳು ಅಳತೊಡಗಿದಳು.

ಫಕೀರವ್ವ ಸುತ್ತ ನೋಡಿದಳು. ಅವಳ ಕಣ್ಣಿಗೆ ಬಿದ್ದವನು ನಾನು. ಒಂದು ಕೈಯಲ್ಲಿ ನನ್ನ ಕತ್ತು, ಇನ್ನೊಂದು ಕೈಯಲ್ಲಿ ನನ್ನ ಬುಡ ಹಿಡಿದು ಎತ್ತಿದಳು. ಒಂದು ಕ್ಷಣ ಆ ಬೀಗವನ್ನೇ ನೋಡಿದಳು. ಕರಾರು ಅವಳ ಕಣ್ಣ ಮುಂದೆ ಬಂದಿರಬೇಕು.

“ಹಾಳಾಗಿ ಹೋಗ್ಲಿ” ಎಂದು ನನ್ನ ಬುಡವನ್ನು ಬೀಗಕ್ಕೆ ಅಪ್ಪಳಿಸಿದಳು.

ಗಡ್ಡೆಗಟ್ಟಿದ ಪುಡಿಗೆ ಬೆಂಕಿ ಆರಿಸಲು ಬರುವುದಿಲ್ಲ, ಆದರೆ ಭಾರಕ್ಕೇನೂ ಕೊರತೆಯಿಲ್ಲ. ಮೊದಲ ಪೆಟ್ಟಿಗೆ ನನ್ನ ಬುಡ ಒಳಕ್ಕೆ ಹೋಯಿತು. ಎರಡನೆಯದಕ್ಕೆ ಹಣೆಯ ಗಾಜು ಒಡೆದು ಹಸಿರು ಟಿಕಳಿ ಎಲ್ಲಿಗೋ ಹಾರಿತು. ಆಹಾ, ಎಷ್ಟು ಹಗುರ ಎನಿಸಿತು. ಮೂರನೆಯ ಪೆಟ್ಟು ಬೀಗಕ್ಕೆ ಬೀಳಲಿಲ್ಲ, ಕೊಂಡಿಗೆ ಬಿತ್ತು. ಬೀಗ ಗಟ್ಟಿ, ಕೊಂಡಿ ಅಗ್ಗದ್ದು. ಮೊಳೆ ಸಮೇತ ಕಿತ್ತು ಬಂತು. ಬಾಗಿಲು ತೆರೆದು ಸಂದಿಯ ತಂಪು ಗಾಳಿ ಒಳಗೆ ನುಗ್ಗಿತು.

ಬಾಗಿಲು ತೆರೆದ ಮೇಲೆ ಯಾರು ಮೊದಲು ಹೊರಗೆ ಹೋದರು ಎಂಬುದನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ. ಉಳ್ಳಾಗಡ್ಡಿಯವರು. ಅವರ ಹಿಂದೆ ವಕೀಲರು, ಆಮೇಲೆ ಊಟದವರು, ಅಡುಗೆಯ ಹೆಣ್ಣುಮಕ್ಕಳು. ಕೊನೆಗೆ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಫಕೀರವ್ವ.

ಅಷ್ಟರಲ್ಲಿ ಬೀದಿಯ ಜನ ಕಂಬದಿಂದ ಕರೆಂಟು ತೆಗೆಸಿ, ಪಕ್ಕದಲ್ಲಿ ಮನೆ ಕಟ್ಟಲು ತಂದು ಸುರಿದಿದ್ದ ಮರಳನ್ನು ಬುಟ್ಟಿ ಬುಟ್ಟಿ ಎರಚಿ ಬೆಂಕಿ ನಂದಿಸಿದರು. ಬೋರ್ಡು, ಪರದೆ, ಕುರ್ಚಿ, ಮುಂದಿನ ಬಾಗಿಲು ಸುಟ್ಟಿದ್ದವು. ಜನರಿಗೆ ಏನೂ ಆಗಿರಲಿಲ್ಲ. ಉಳ್ಳಾಗಡ್ಡಿಯವರ ಮೀಸೆಯ ಮೇಲೆ ನನ್ನ ಚಿಟಿಕೆ ಪುಡಿ ಇನ್ನೂ ಹಾಗೆಯೇ ಇತ್ತು. ಸಂದಿಯಲ್ಲಿ ನಿಂತು ಸುಧಾರಿಸಿಕೊಂಡ ಮೇಲೆ ಅವರ ಕಣ್ಣು ಕಿತ್ತ ಕೊಂಡಿಯ ಮೇಲೆ ಬಿತ್ತು. ರೂಢಿ ದೊಡ್ಡದು.

“ಬೀಗಾ ಮುರದಿ, ಫಕೀರವ್ವ” ಎಂದರು. “ಕರಾರಿನ್ಯಾಗ...”

“ಹೌದ್ರಿ, ಮುರದೆ” ಎಂದಳು ಅವಳು. ದನಿ ಏರಿಸಲಿಲ್ಲ. “ಆದ್ರ ಅದರಾಗಿಂದ ಎಲ್ಲರಕಿಂತ ಮೊದಲ ಹೊರಗ ಬಂದವರು ನೀವ. ಖಾಲಿ ಮಾಡೂದು ಅಂದ್ರ ಮೊದಲು ನೀವ ಖಾಲಿ ಮಾಡೀರಿ. ನಾ ಎಲ್ಲರ ಹಿಂದ ಬಂದೇನಿ, ನಂದು ಇನ್ನೂ ಸಾಮಾನು ಒಳಗ ಐತಿ.”

ಸಂದಿಯಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಚಿಕ್ಕ ಹುಡುಗಿಯ ಭುಜ ಹಿಡಿದು, ಸೆರಗಿನಿಂದ ಅವಳ ಮುಖದ ಮಸಿ ಒರೆಸುತ್ತಿದ್ದಳು. ನನಗೆ ಅಳು ಬಂತು. ಬುಡದ ಬಿರುಕಿನಿಂದ ಒಂದಿಷ್ಟು ಪುಡಿ ಉದುರಿತು.

ಕಟಗೇರಿ ವಕೀಲರು ಬಾಯಿಯ ಕುಂಕುಮ ಒರೆಸಿಕೊಂಡು ಅಲ್ಲಿಯೇ ಒಂದು ಕಟ್ಟೆಯ ಮೇಲೆ ಕೂತು ನೋಟಿಸು ಬರೆಯತೊಡಗಿದರು. ಅಂದು ಅವರು ರೊಟ್ಟಿ ಕೇಳಲಿಲ್ಲ. ಕಾಯ್ದೆಯೂ ಅಷ್ಟೇ, ತನ್ನ ಮೂಗಿಗೆ ಹೊಗೆ ಹೋದಾಗ ಓಡುತ್ತದೆ.

ಆಮೇಲಿನದ್ದು ಬೇಗ ನಡೆಯಿತು. ತಪಾಸಣೆಯ ಸಾಹೇಬರು ಮತ್ತೆ ಬಂದರು. ಈ ಸಲ ಚಹಾ ಕುಡಿಯಲಿಲ್ಲ, ಬೂಟು ಕಳಚಲಿಲ್ಲ. ಮೂರೂ ಕಟ್ಟಡಗಳ ಹಿಂಬಾಗಿಲು ತೆರೆಯಿಸಿದರು. ವೈರಿಂಗು ಪೂರ್ತಿ ಬದಲಾಗುವವರೆಗೆ ಬಾಡಿಗೆ ಕೇಳುವ ಹಾಗಿಲ್ಲ ಎಂದು ವಕೀಲರ ನೋಟಿಸು ಹೇಳಿತು. ಅದನ್ನು ಓದಿ ಉಳ್ಳಾಗಡ್ಡಿಯವರು ಒಂದು ವಾರ ಮಲಗಿದರು. ಎದ್ದು ಹೋಗಿ ಮೂರು ಹೊಸ ಅಗ್ನಿಶಾಮಕಗಳನ್ನು ಕೊಂಡರು. ಮೂರು ಕೊಂಡರೆ ಒಂದು ಪುಕ್ಕಟೆ ಉಂಟೇ ಎಂದು ಅಂಗಡಿಯವನನ್ನು ಬಹಳ ಹೊತ್ತು ಪೀಡಿಸಿದರಂತೆ.

ಹೊಸಬ ಈಗ ನನ್ನ ಮೊಳೆಯಲ್ಲಿದ್ದಾನೆ. ಮೈ ಹೊಳೆಯುತ್ತದೆ, ಸೂಜಿ ನಿಜವಾದ ಹಸಿರಿನಲ್ಲಿದೆ. ಸ್ವಲ್ಪ ಜಂಬ. ಮಹಾನವಮಿಯಲ್ಲಿ ಅವನಿಗೂ ಕುಂಕುಮ ಇಡುತ್ತಾರೆ. ದಾರವನ್ನು ಮಾತ್ರ ಫಕೀರವ್ವ ಅವನ ಹತ್ತಿರ ಸುಳಿಯಗೊಡುವುದಿಲ್ಲ. ಅದನ್ನು ನನಗೆ ಕಟ್ಟುತ್ತಾಳೆ. ನನಗೆ ಈಗ ಎಷ್ಟು ಕಟ್ಟಿದರೂ ನಡೆಯುತ್ತದೆ.

ನನ್ನನ್ನು ಗುಜರಿಗೆ ಹಾಕಲು ಉಳ್ಳಾಗಡ್ಡಿಯವರು ಎರಡು ಸಲ ಕೈ ಹಾಕಿದ್ದರು. ಫಕೀರವ್ವ ಬಿಡಲಿಲ್ಲ. ಹಿಂಬಾಗಿಲಿನ ಹೊಸ್ತಿಲ ಬಳಿ ನನ್ನನ್ನು ನಿಲ್ಲಿಸಿ, ತೆರೆದ ಕದವನ್ನು ನನಗೆ ಆನಿಸಿದಳು. ಅದೇ ನನ್ನ ಮುಪ್ಪಿನ ಉದ್ಯೋಗ. ಸಂದಿಯ ಬೆಕ್ಕು ನನ್ನ ಮೈಗೆ ಒರಗಿ ಮಲಗುತ್ತದೆ. ರೊಟ್ಟಿಯ ಹುಡುಗಿ ಹೋಗುತ್ತ ಬರುತ್ತ ನನ್ನ ತಲೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

ಮೊನ್ನೆ ಉಳ್ಳಾಗಡ್ಡಿಯವರು ಬಂದಿದ್ದರು. ಹೊಸದಾಗಿ ನಾಲ್ಕನೆಯ ಕಟ್ಟಡ ಕಟ್ಟಿದ್ದಾರಂತೆ, ಮರುದಿನ ಸಾಹೇಬರು ನೋಡಲು ಬರುತ್ತಾರಂತೆ. ಕಂಕುಳಲ್ಲಿ ಅದೇ ಹಳೆಯ ಕೌದಿ ಇತ್ತು.

“ಫಕೀರವ್ವ, ಆ ಹೊಸಾದು ಒಂದು ದಿನದ ಮಟ್ಟಿಗೆ ಕೊಡಬೇಕಾಗಿತ್ತು.”

ಫಕೀರವ್ವ ಹಿಟ್ಟಿನ ಕೈ ಒರೆಸಿಕೊಂಡಳು. “ಅದಕ್ಕೇನ್ರಿ ಮಾಲಕರ, ಒಯ್ಯಿರಿ. ಬಾಡಿಗಿ ಕರಾರು ಮಾಡ್ಕೊಳ್ಳೂಣು. ಹತ್ತು ತಿಂಗಳದ್ದು ಡಿಪಾಜಿಟ್ ಇಡ್ರಿ. ಅದರ ಪಿನ್ನು ಮುಟ್ಟಿದ್ರ ನಿಮ್ಮ ಕಟ್ಟಡ ಖಾಲಿ ಮಾಡಬೇಕು ನೋಡ್ರಿ.”

ಅವರು ಬಹಳ ಹೊತ್ತು ಕೌದಿಯನ್ನು ಮಡಚುತ್ತ, ಬಿಚ್ಚುತ್ತ ನಿಂತರು. ಆಮೇಲೆ ಮುಂದೆ ಊಟದ ಜನ ತುಂಬಿದ್ದರಿಂದ ಯಾರಿಗೂ ಮುಖ ತೋರಿಸದೆ ಹಿಂಬಾಗಿಲಿನಿಂದಲೇ ಹೊರಟರು. ಹೊಸ್ತಿಲಲ್ಲಿ ನನ್ನನ್ನು ಕಂಡು ಒಂದು ಕ್ಷಣ ನಿಂತರು. ಒಡೆದ ಹಣೆಯನ್ನು ನೋಡಿದರು. ಬಗ್ಗಿ, ಸರಿದಿದ್ದ ನನ್ನನ್ನು ತಮ್ಮ ಕೈಯಿಂದಲೇ ಕದಕ್ಕೆ ಸರಿಯಾಗಿ ಒತ್ತಿ ನಿಲ್ಲಿಸಿ, ಸಂದಿಗೆ ಇಳಿದರು.

ನಾನು ಜೀವಮಾನದಲ್ಲಿ ಒಂದು ಬೆಂಕಿಯನ್ನೂ ಆರಿಸಿಲ್ಲ. ಮೊದಮೊದಲು ಅದರ ಕೊರಗು ಇತ್ತು, ಈಗಿಲ್ಲ. ಸಂಜೆ ಸಂದಿಯಿಂದ ಜೋರಾಗಿ ಗಾಳಿ ಬೀಸುತ್ತದೆ. ಕದ ಮುಚ್ಚಿಕೊಳ್ಳಲು ನನ್ನನ್ನು ನೂಕುತ್ತದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತದೆ. ನಾನು ಜಾಗ ಬಿಟ್ಟು ಕದಲುವುದಿಲ್ಲ.